ಈ ಮಗು ಅಮ್ಮ ಎಲ್ಲೋ?

ಭಾನುವಾರದಿಂದ ಅಮ್ಮನ ಒಂದೇ ಒಂದು ಮಾತು ತಲೇಲಿ ಸುತ್ತುತಾ ಇದೆ. "ಈ ಮಗು ಅಮ್ಮ ಎಲ್ಲೋ?"

ಟೇಬಲ್ ಮೇಲೆ ಫೋಟೋಗ್ರಾಫರ್ ರಾಬರ್ಟ್ ಫ್ರಾಂಕ್‌ನ ಫೋಟೋ ಪುಸ್ತಕ 'ದಿ ಅಮೆರಿಕನ್ಸ್' ತೆರೆದಿಟ್ಟು ಕಾಫಿ ತರೋಕೆ ಹೋಗಿದ್ದೆ. ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನವರ 1972ರ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್' ಆಲ್ಬಮ್ಮಿನ ಕವರ್ ನೋಡಿ ಈ ಫೋಟೋಗಳು ಯಾರ ಕೈಯವು ಅಂತ ಹುಡುಕ್ತಾ ಹೋಗಿ ಸಿಕ್ಕಿದ ಪುಸ್ತಕ ಅದು, ಹನ್ನೆರಡು ವರ್ಷದಿಂದ ಜೊತೇಲಿದೆ. ಫ್ರಾಂಕ್ ಸ್ವಿಟ್ಜರ್ಲೆಂಡಲ್ಲಿ ಹುಟ್ಟಿದವನು, 1955-56ರಲ್ಲಿ ಅಮೆರಿಕ ಪೂರ್ತಿ ಕಾರಲ್ಲಿ ಅಲೆದು 27,000ಕ್ಕೂ ಜಾಸ್ತಿ ಫ್ರೇಮ್ ತೆಗೆದು ಪುಸ್ತಕಕ್ಕೆ ಉಳಿಸ್ಕೊಂಡಿದ್ದು ಬರೀ 83.

ಅಣ್ಣ ನಾಲ್ಕು ಪುಟ ತಿರುವಿ, ಶೇಕ್ ಆಗಿದೆ, ಓರೆಯಾಗಿದೆ, ಕತ್ತಲೆ, ಇದಕ್ಕೆ ಇಷ್ಟು ದುಡ್ಡು ಕೊಟ್ಯಾ ಅಂದ. ಅವನ ಹತ್ರ ಒಳ್ಳೇ ಕ್ಯಾಮೆರಾ ಇದೆ, ಆದ್ರೆ ಫೋಟೋ ಅಂದ್ರೆ ಶಾರ್ಪ್ ಆಗಿರ್ಬೇಕು ಅನ್ನೋದು ಬಿಟ್ಟು ಬೇರೆ ಯೋಚ್ನೆ ಇಲ್ಲ, ಅದು ನಂಗೆ ಯಾವತ್ತೂ ಬೇಜಾರೇ. ಪುಸ್ತಕ ಬಂದಾಗ ಅಲ್ಲಿನ ದೊಡ್ಡ ಫೋಟೋಗ್ರಫಿ ಪತ್ರಿಕೆಯವರೂ ಹೆಚ್ಚೂಕಮ್ಮಿ ಇದನ್ನೇ ಬರೆದಿದ್ರು.

ಅಮ್ಮ ಮಾತ್ರ ಕನ್ನಡಕ ಹಾಕ್ಕೊಂಡು ಒಂದೇ ಪುಟದಲ್ಲಿ ನಿಂತುಬಿಟ್ಲು. ಸೌತ್ ಕ್ಯಾರೊಲೈನಾದ ಬ್ಯೂಫೋರ್ಟ್, ಒಂದು ಕೆಫೆ. ಕಾಸು ಹಾಕಿದ್ರೆ ಹಾಡು ಬರೋ ಪೆಟ್ಟಿಗೆ, ದೊಡ್ಡ ಜ್ಯೂಕ್‌ಬಾಕ್ಸ್, ಅದರ ಪಕ್ಕ ನೆಲದ ಮೇಲೆ ಒಂದು ಕಪ್ಪು ಮಗು. ಅಷ್ಟೆ. "ಈ ಮಗು ಅಮ್ಮ ಎಲ್ಲೋ?"

ಹನ್ನೆರಡು ವರ್ಷ ನಾನು ಆ ಫೋಟೋದಲ್ಲಿ ಜ್ಯೂಕ್‌ಬಾಕ್ಸ್ ನೋಡಿದೀನಿ. ಮುನ್ನುಡೀಲಿ ಅಮೆರಿಕದ ಲೇಖಕ ಜ್ಯಾಕ್ ಕೆರೊವ್ಯಾಕ್, ಈ ಚಿತ್ರಗಳನ್ನ ನೋಡಿದ್ಮೇಲೆ ಜ್ಯೂಕ್‌ಬಾಕ್ಸಿಗೆ ದುಃಖ ಜಾಸ್ತಿನೋ ಶವಪೆಟ್ಟಿಗೆಗೋ ತಿಳಿಯದ ಹಾಗಾಗತ್ತೆ ಅಂತಾನೆ, ಆ ಮಾತು ಹಿಡ್ಕೊಂಡು ಬೆಳಕು, ಗ್ರೇನ್, ಒಂಟಿತನ ಅಂತ ಎಷ್ಟು ಜನಕ್ಕೆ ವಿವರಿಸಿದೀನೋ. ಮಗೂಗೊಬ್ಬಳು ಅಮ್ಮ ಇರ್ತಾಳೆ, ಫ್ರೇಮಿನ ಅಂಚಿಂದ ಎರಡೇ ಹೆಜ್ಜೆ ಆಚೆ ಇರಬಹುದು ಅಂತ ಒಂದ್ಸಲನೂ ಹೊಳೀಲಿಲ್ಲ. ಫ್ರಾಂಕ್ ಈ ಪುಸ್ತಕ ಆದ್ಮೇಲೆ ಸಿನಿಮಾ ಕಡೆ ಹೋದ, 1959ರಲ್ಲೇ 'ಪುಲ್ ಮೈ ಡೈಸಿ' ಮಾಡಿದ. ಸಿನಿಮಾ ಆಗಿದ್ರೆ ಮುಂದಿನ ಕ್ಷಣ ಅವಳು ಬಂದು ಮಗು ಎತ್ಕೋಬಹುದಿತ್ತು, ಯಾವ ಹಾಡು ಅಂತನೂ ಕೇಳಿಸ್ತಿತ್ತು. ಫೋಟೋದಲ್ಲಿ ಎಪ್ಪತ್ತು ವರ್ಷ ಆದ್ರೂ ಅವಳು ಬಂದಿಲ್ಲ, ಪೆಟ್ಟಿಗೆ ಮೌನವಾಗೇ ಇದೆ, ಮಗು ಕಾಯ್ತಾನೇ ಇದೆ.

"ಎಲ್ಲೋ ಕೆಲಸ ಮಾಡ್ತಿರ್ತಾಳೆ ಬಿಡು" ಅಂತ ಅಮ್ಮನೇ ಉತ್ತರ ಕೊಟ್ಕೊಂಡ್ಲು. "ನಿನ್ನನ್ನೂ ಹಿಂಗೇ ರೇಡಿಯೋ ಮುಂದೆ ಚಾಪೆ ಹಾಕಿ ಮಲಗಿಸಿ ಬಾವಿಕಟ್ಟೆಗೆ ಹೋಗ್ತಿದ್ದೆ, ಭದ್ರಾವತಿ ಸ್ಟೇಷನ್ ಹಾಕಿಟ್ಟು."

ಇದನ್ನ ಯಾವತ್ತೂ ಹೇಳಿರ್ಲಿಲ್ಲ. ಯಾವ ಹಾಡು ಬರ್ತಿತ್ತಮ್ಮ ಅಂದೆ.

"ಹಾಡು ಯಾರು ಕೇಳ್ತಿದ್ರು? ನೀನೆಲ್ಲಿ ಅಳ್ತೀಯೋ ಅಂತ ಕೇಳ್ತಿದ್ದೆ."