ತೆಗೀರಿ, ಆದರೆ ಯಾಕೆ ಅಂತ ಹೇಳಿ

ಪೋಸ್ಟ್ ಡಿಲೀಟ್ ಆದವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ನಾನೇನು ಮಾಡಿದೆ?" ಕೆಲವರು ಬೈಗುಳದ ಜೊತೆ ಕೇಳುತ್ತಾರೆ, ಕೆಲವರು ನಿಜಕ್ಕೂ ಗೊತ್ತಾಗದೆ ಕೇಳುತ್ತಾರೆ, ಇನ್ನು ಕೆಲವರು ಚೆನ್ನಾಗಿ ಗೊತ್ತಿದ್ದೂ ಕೇಳುತ್ತಾರೆ. ಆನ್‌ಲೈನ್ ಗುಂಪಿನ ಪೋಸ್ಟ್‌ಗಳ ಮೇಲೆ ಕಣ್ಣಿಟ್ಟು ಬೇಡದ್ದನ್ನು ತೆಗೆಯುವ ಮಾಡರೇಟರ್ ಆಗಿದ್ದವರಿಗೆ ಈ ಮೂರೂ ಬಗೆಯವರ ಪರಿಚಯ ಇದ್ದೇ ಇರುತ್ತದೆ. ಮೂರೂ ಬಗೆಯವರಿಗೆ ಉತ್ತರ ಕೊಡಬೇಕು ಅನ್ನುವುದು ನನ್ನ ಹಟ. ಅವರ ಮೇಲೆ ಕನಿಕರ ಬಂದು ಹೇಳ್ತಿರೋದಲ್ಲ ಇದು.

ಮೊದಲು ಒಂದು ಹಳೇ ವಾದ ಮುಗಿಸಿಬಿಡೋಣ. ತೆಗೆಯುವುದೇ ತಪ್ಪು, ಎಲ್ಲರಿಗೂ ಮಾತಾಡುವ ಹಕ್ಕಿದೆ ಅನ್ನುವವರು ಪ್ರತಿ ಗುಂಪಿನಲ್ಲೂ ಸಿಗುತ್ತಾರೆ. ಏನನ್ನೂ ತೆಗೆಯದ ಜಾಗ ಹೇಗಿರುತ್ತದೆ ಅಂತ ಅವರು ನೋಡಿಲ್ಲ ಅನ್ಸುತ್ತೆ. ಸ್ವಲ್ಪ ದಿನದಲ್ಲೇ ಅದು ಜಾಹೀರಾತು ಬಾಟ್‌ಗಳ (ತಾವಾಗೇ ಪೋಸ್ಟ್ ಹಾಕುವ ಪ್ರೋಗ್ರಾಮ್‌ಗಳ) ಮತ್ತು ದೊಡ್ಡ ಗಂಟಲಿನವರ ಪಾಲಾಗುತ್ತದೆ. ಮೆತ್ತಗೆ ಮಾತಾಡುವವರು ಜಗಳವಾಡದೆ ಎದ್ದು ಹೋಗುತ್ತಾರೆ. ಅವರ ಪೋಸ್ಟನ್ನು ಯಾರೂ ಡಿಲೀಟ್ ಮಾಡಿರುವುದಿಲ್ಲ, ಅವರೇ ಬರೆಯುವುದು ಬಿಟ್ಟಿರುತ್ತಾರೆ. ಲೆಕ್ಕದಲ್ಲಿ ಎರಡೂ ಒಂದೇ ಅಲ್ವಾ?

ಕಾನೂನು ಕೂಡ ಇದನ್ನು ಕಷ್ಟಪಟ್ಟೇ ಕಲಿತಿದ್ದು. ಅಮೆರಿಕದಲ್ಲಿ 1991ರಲ್ಲಿ ಕಂಪ್ಯೂಸರ್ವ್ ಎಂಬ ಆನ್‌ಲೈನ್ ಸೇವೆಯ ಮೇಲೆ ಒಂದು ಮಾನನಷ್ಟದ ಕೇಸ್ ಬಿತ್ತು. ಅದು ಯಾವುದನ್ನೂ ಮೊದಲೇ ಓದಿ ನೋಡುತ್ತಿರಲಿಲ್ಲ, ಹಾಗಾಗಿ ಬಚಾವಾಯಿತು. 1995ರಲ್ಲಿ ಅಂಥದೇ ಇನ್ನೊಂದು ಸೇವೆ ಪ್ರಾಡಿಜಿ ಸಿಕ್ಕಿಬಿತ್ತು. ಸ್ಟ್ರಾಟನ್ ಓಕ್‌ಮಾಂಟ್ ಎಂಬ ಷೇರು ಕಂಪನಿ ಮೋಸದ್ದು ಅಂತ ಯಾರೋ ಅಲ್ಲಿ ಹೆಸರು ಹಾಕದೆ ಬರೆದಿದ್ದರು. ನೀವು ಕೆಟ್ಟ ಪೋಸ್ಟ್‌ಗಳನ್ನು ತೆಗೆಯುತ್ತೀರಿ, ಅಂದರೆ ನೀವು ಪ್ರಕಾಶಕರು, ಹಾಗಾಗಿ ಉಳಿದಿದ್ದಕ್ಕೆಲ್ಲ ನೀವೇ ಹೊಣೆ ಎಂದಿತು ನ್ಯೂಯಾರ್ಕ್‌ನ ಕೋರ್ಟು. ಅಂದರೆ ಕಸ ಗುಡಿಸಿದವನಿಗೆ ದಂಡ, ಕಣ್ಮುಚ್ಚಿ ಕೂತವನಿಗೆ ರಿಯಾಯಿತಿ! ಈ ಎಡವಟ್ಟನ್ನು ಸರಿಮಾಡಲು 1996ರಲ್ಲಿ ಸೆಕ್ಷನ್ 230 ಎಂಬ ಕಾನೂನು ಬಂತು, ಕೆಟ್ಟದ್ದನ್ನು ತೆಗೆದ ಮಾತ್ರಕ್ಕೆ ಬೇರೆಯವರು ಬರೆದದ್ದಕ್ಕೆ ತಾಣ ಹೊಣೆಯಲ್ಲ ಅಂತ. (ಅಂದ ಹಾಗೆ, ಆ ಷೇರು ಕಂಪನಿಯ ಸ್ಥಾಪಕರೇ ಮುಂದೆ ವಂಚನೆಯ ಕೇಸಿನಲ್ಲಿ ತಪ್ಪೊಪ್ಪಿಕೊಂಡರು. ಹೆಸರಿಲ್ಲದ ಆ ಮನುಷ್ಯ ಬರೆದಿದ್ದು ಸುಳ್ಳೇನಲ್ಲ.) ತೆಗೆಯುವ ಸ್ವಾತಂತ್ರ್ಯವೇನೋ ಸಿಕ್ಕಿತು. ಹೇಗೆ ತೆಗೆಯಬೇಕು, ತೆಗೆದ ಮೇಲೆ ಆ ಮನುಷ್ಯನಿಗೆ ಏನು ಹೇಳಬೇಕು ಅನ್ನುವುದನ್ನು ಮಾತ್ರ ಆ ಕಾನೂನು ನಮಗೇ ಬಿಟ್ಟಿತು.

ನಾನು ನೋಡಿಕೊಳ್ಳುವ ಗುಂಪಿನಲ್ಲಿರುವವರು ದೀರ್ಘ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು ಸೇವೆ ಮಾಡುವವರು. ನಿದ್ದೆಗೆಟ್ಟವರ ಗುಂಪು ಅಂದರೂ ನಡೆಯುತ್ತದೆ. ಒಂದು ರಾತ್ರಿ ಒಬ್ಬಾಕೆ ಎರಡೇ ಸಾಲು ಬರೆದರು. ಎರಡರಲ್ಲೂ ಬೈಗುಳ, ಬೈದಿದ್ದು ಕಾಯಿಲೆಯನ್ನು. ಪದ ನೋಡಿ ತೆಗೆಯುವ ಫಿಲ್ಟರ್ ಅದನ್ನು ತಕ್ಷಣ ನುಂಗಿತು. ಅದೇ ವಾರ ಇನ್ನೊಬ್ಬರು ಇದ್ದರು, ಮಹಾ ಸಭ್ಯರು. "ದಯವಿಟ್ಟು ತಪ್ಪು ತಿಳಿಯಬೇಡಿ" ಎಂದೇ ಶುರುಮಾಡುತ್ತಿದ್ದರು. ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಒಬ್ಬ ಸದಸ್ಯೆಗೆ, ಕೆಲಸ ಬಿಡುವುದು ನಿಜಕ್ಕೂ ಅಗತ್ಯ ಇತ್ತೇ, ಬೇರೆ ದಾರಿ ಹುಡುಕಿದ್ದಿರಾ, ಸುಮ್ನೆ ತಿಳ್ಕೊಳ್ಳೋಕೆ ಕೇಳ್ತಿದೀನಿ ಅಂತ ಹಿಂದೆ ಬಿದ್ದರು. ಆಕೆ ಉತ್ತರ ಕೊಟ್ಟರು. ಮತ್ತೆ ಅದೇ ಪ್ರಶ್ನೆ, ಇನ್ನೊಂದು ಚರ್ಚೆಯಲ್ಲಿ. ಒಂದೊಂದೇ ಸಾಲು ಎತ್ತಿ ನೋಡಿದರೆ ತಪ್ಪೇ ಸಿಗದು. ಫಿಲ್ಟರ್‌ಗಂತೂ ಏನೂ ಕಾಣಲಿಲ್ಲ.

ಮೊದಲ ಪೋಸ್ಟನ್ನು ವಾಪಸ್ ಹಾಕುವುದು ಸುಲಭ, ಹಾಕಿದೆವು. ಎರಡನೆಯದೇ ಕಷ್ಟ. ಇಂಥವರಿಗೆ ಸುಲಭದ ಮದ್ದು ಒಂದಿದೆ, ಶ್ಯಾಡೋ ಬ್ಯಾನ್. ಅವರು ಬರೆದದ್ದು ಅವರಿಗೆ ಮಾತ್ರ ಕಾಣುತ್ತದೆ, ಉಳಿದವರಿಗೆ ಕಾಣುವುದಿಲ್ಲ. ಅವರು ಬರೆಯುತ್ತಲೇ ಇರುತ್ತಾರೆ, ಯಾಕೆ ಯಾರೂ ಮಾತಾಡಿಸುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಬಾಟ್‌ಗಳಿಗೆ ಇದು ಸರಿ, ತಾನು ಸಿಕ್ಕಿಬಿದ್ದದ್ದು ಗೊತ್ತಾದರೆ ಸ್ಪ್ಯಾಮರ್ ತಕ್ಷಣ ಹೊಸ ಖಾತೆ ತೆರೆಯುತ್ತಾನೆ. ಮನುಷ್ಯರಿಗೆ ಮಾಡಿದರೆ ಅದು ಸುಳ್ಳು ಹೇಳಿದ ಹಾಗೆಯೇ. ತೆಗೆಯುವುದಕ್ಕಿಂತ ಎಷ್ಟೋ ಕೆಟ್ಟದ್ದು, ಯಾಕೆಂದರೆ ಅವರಿಗೆ ಜಗಳ ಮಾಡುವ ಅವಕಾಶವೂ ಇಲ್ಲ. ನಮಗೂ ಒಂದು ಕೆಟ್ಟ ಚಾಳಿ ಹತ್ತುತ್ತದೆ. ಯಾರೂ ಕೇಳುವವರಿಲ್ಲ ಅಂದಾಗ ಗುಂಡಿ ಒತ್ತುವ ಬೆರಳು ಹಗುರ ಆಗುತ್ತದೆ.

ಹಾಗಾಗಿ ಕಾರಣ ಬರೆಯಲು ಕೂತೆವು. "ಕಿರಿಕಿರಿ ಮಾಡುತ್ತಿದ್ದೀರಿ" ಅಂತ ಬರೆದರೆ ಅದು ಕಾರಣವಲ್ಲ, ನಮ್ಮ ಮೂಡು. "ನಿಮ್ಮ ಧಾಟಿ ಸರಿಯಿಲ್ಲ" ಅನ್ನೋಣ ಅಂದರೆ ಧಾಟಿ ಬೆಣ್ಣೆಯ ಹಾಗಿದೆ. ಕೊನೆಗೆ ಬರೆದದ್ದು ಇಷ್ಟು: "ಒಬ್ಬರೇ ಸದಸ್ಯೆಗೆ, ಅವರು ಉತ್ತರ ಕೊಟ್ಟ ಮೇಲೂ, ಬೇರೆ ಬೇರೆ ಚರ್ಚೆಗಳಲ್ಲಿ ಅದೇ ಪ್ರಶ್ನೆ ಕೇಳಿದ್ದೀರಿ. ಅವರು ಈಗ ಬರೆಯುವುದನ್ನೇ ನಿಲ್ಲಿಸಿದ್ದಾರೆ." ಇದನ್ನು ಬರೆಯುವವರೆಗೂ ನಮಗೆ ಅವರ ಮೇಲೆ ಸಿಟ್ಟಿತ್ತೇ ಹೊರತು ಏನು ತಪ್ಪು ಅಂತ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಕಾರಣ ಕೊಡುವುದು ಮೊದಲು ಮಾಡರೇಟರ್‌ಗೆ ಬೇಕಾದದ್ದು. ಬರೆಯಲು ಕೂತಾಗ ಕಾರಣ ಸಿಗದೆ ಹೋದರೆ, ಆ ಪೋಸ್ಟ್ ಉಳಿಯಬೇಕು.

ದೊಡ್ಡ ಕಂಪನಿಗಳು ಇದರಲ್ಲಿ ಎಡವಿದ್ದಕ್ಕೆ ಉದಾಹರಣೆ ಬೇಕಾದಷ್ಟಿವೆ. ವಿಯೆಟ್ನಾಂ ಯುದ್ಧದಲ್ಲಿ ನಾಪಾಮ್ ಬೆಂಕಿಬಾಂಬ್ ದಾಳಿಯಿಂದ ಬೆತ್ತಲೆಯಾಗಿ ಓಡಿಬರುವ ಹುಡುಗಿಯ 1972ರ ಚಿತ್ರವನ್ನು 2016ರಲ್ಲಿ ಫೇಸ್‌ಬುಕ್ ನಗ್ನತೆಯ ನಿಯಮದಡಿ ತೆಗೆಯಿತು. ನಾರ್ವೆಯ ಪ್ರಧಾನಿ ಅದನ್ನೇ ಹಾಕಿದರೆ ಅವರದ್ದನ್ನೂ ತೆಗೆಯಿತು. ಅಲ್ಲಿನ ಆಫ್ಟನ್‌ಪೋಸ್ಟನ್ ಪತ್ರಿಕೆ ಮುಖಪುಟದಲ್ಲೇ ಗಲಾಟೆ ಎಬ್ಬಿಸಿದ ಮೇಲೆ ವಾಪಸ್ ತಂದರು. ನಿಯಮದ ನಂಬರ್ ಹೇಳಿದರೆ ಕಾರಣ ಹೇಳಿದಂತೆ ಆಗುವುದಿಲ್ಲ.

"ಇಷ್ಟೆಲ್ಲ ಬರೆಯೋಕೆ ಟೈಮ್ ಎಲ್ಲಿದೆ, ಸಂಬಳಾನೂ ಇಲ್ಲ" ಅಂತ ಜೊತೆಯ ಮಾಡರೇಟರ್‌ಗಳು ಗೊಣಗುತ್ತಾರೆ. ನ್ಯಾಯವಾದ ಮಾತೇ. ಅವರಿಗೆ ನಾನು ತೋರಿಸುವುದು 2019ರ ಒಂದು ಅಧ್ಯಯನ. ಶಗುನ್ ಝವೇರ್, ಏಮಿ ಬ್ರಕ್‌ಮನ್, ಎರಿಕ್ ಗಿಲ್ಬರ್ಟ್ ಅನ್ನುವ ಸಂಶೋಧಕರು ರೆಡ್ಡಿಟ್ ಎಂಬ ಚರ್ಚಾ ತಾಣದ 3.2 ಕೋಟಿ ಪೋಸ್ಟ್‌ಗಳನ್ನು ನೋಡಿದರು. ತೆಗೆದಾಗ ಕಾರಣ ಕೊಟ್ಟರೆ ಮುಂದೆ ಪೋಸ್ಟ್ ಡಿಲೀಟ್ ಆಗುವ ಸಾಧ್ಯತೆ ಕಡಿಮೆಯಾಗುತ್ತದೆ ಅಂತ ಕಂಡಿತು. ಇನ್ನೂ ಮಜಾ ಅಂದರೆ, ಕಾರಣವನ್ನು ಮನುಷ್ಯ ಬರೆದರೂ ಬಾಟ್ ಬರೆದರೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸಾಮಾನ್ಯ ತಪ್ಪುಗಳಿಗೆ ಸಿದ್ಧ ಉತ್ತರ ಇಟ್ಟುಕೊಳ್ಳಿ, ನಡೆಯುತ್ತದೆ. ಕೂತು ಬರೆಯಬೇಕಾದವು ಕಡಿಮೆ.

ಯುರೋಪಿನಲ್ಲಿ ಈಗ ಇದು ಕಾನೂನೇ ಆಗಿದೆ. 2024ರ ಫೆಬ್ರುವರಿಯಿಂದ ಪೂರ್ತಿಯಾಗಿ ಜಾರಿಯಾದ ಡಿಜಿಟಲ್ ಸರ್ವಿಸಸ್ ಆಕ್ಟ್ ಪ್ರಕಾರ ಪೋಸ್ಟ್ ತೆಗೆದವರು ಬಿಡಿಸಿ ಕಾರಣ ಕೊಡಬೇಕು. ತೆಗೆಯದೆ, ಹೆಚ್ಚು ಜನರಿಗೆ ಕಾಣದಂತೆ ಸುಮ್ಮನೆ ಕೆಳಗೆ ತಳ್ಳಿದರೂ ಕೊಡಬೇಕು, ನನಗೆ ಇಷ್ಟವಾದದ್ದು ಆ ಭಾಗ.

ಆ ಸಭ್ಯರಿಗೆ ವಾಪಸ್ ಬರೋಣ. ಒಂದು ವಾರ ಬರೆಯದಂತೆ ತಡೆದೆವು, ಕಾರಣ ಕಳಿಸಿದೆವು. ಉದ್ದುದ್ದ ಮೇಲ್ಮನವಿ ಬಂತು. ಅದನ್ನು ನೋಡಿದ್ದು ತಡೆದವರಲ್ಲ, ಬೇರೆಯವರು. ಇದೊಂದು ಕಟ್ಟುನಿಟ್ಟು ನಮ್ಮಲ್ಲಿ, ತೆಗೆದವರೇ ತೀರ್ಪು ಹೇಳುವಂತಿಲ್ಲ. ಮನವಿ ಬಿದ್ದುಹೋಯಿತು. ಆದರೆ ಅದರಲ್ಲೊಂದು ಪ್ರಶ್ನೆ ಇತ್ತು: "ಇದು ನಿಮ್ಮ ಯಾವ ನಿಯಮದಲ್ಲಿದೆ?" ಯಾವುದರಲ್ಲೂ ಇರಲಿಲ್ಲ. ಎಲ್ಲವನ್ನೂ ಬರೆದಿಡುತ್ತಾ ಹೋದರೆ ನಿಯಮದ ಅಂಚಿನಲ್ಲೇ ಹೆಜ್ಜೆ ಹಾಕುವ ಪಂಡಿತರು ಹುಟ್ಟುತ್ತಾರೆ. ಬರೆಯದಿದ್ದರೆ ನಮ್ಮ ಮನಸ್ಸಿಗೆ ಬಂದದ್ದೇ ನಿಯಮ. ತುಂಬಾ ಚರ್ಚೆ ಮಾಡಿ ಒಂದು ಸಾಲು ಸೇರಿಸಿದೆವು. ಇಲ್ಲಿ ಬರೆದಿರದ ಕಾರಣಕ್ಕೂ ಪೋಸ್ಟ್ ತೆಗೆಯಬಹುದು, ಆದರೆ ಇಬ್ಬರು ಮಾಡರೇಟರ್‌ಗಳು ಒಪ್ಪಿರಬೇಕು ಮತ್ತು ಕಾರಣ ಎಲ್ಲ ಸದಸ್ಯರಿಗೂ ಕಾಣುವಂತೆ ಹಾಕಬೇಕು. ಈ ಸಾಲು ಬಳಸಿದಾಗಲೆಲ್ಲ ಗುಂಪಿನಲ್ಲಿ ಎರಡು ದಿನ ಜಗಳ. ಆಗಲಿ ಬಿಡಿ.