ಬೈತಖೋಲದಲ್ಲಿ ಈ ಸಂಜೆ

ಜೂನ್ 1ರಿಂದ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿವೆ. ಜುಲೈ 31ರ ತನಕ ಹೀಗೇ. ಹೊರಗೆ ಕಡಲು ಅಬ್ಬರಿಸುತ್ತಿದೆ, ಒಳಗೆ ಬೋಟುಗಳು ಸುಮ್ನೆ ತೂಗುತ್ತಿವೆ. ಕೊಡೆ ಹಿಡಿದು ನೋಡುತ್ತ ನಿಂತಿದ್ದೇನೆ.

ಅಪ್ಪ ತೀರಿಕೊಂಡಾಗ ದುಡ್ಡಿನ ವಿಷಯದಲ್ಲಿ ಅಕ್ಕನಿಗೆ ಸುಳ್ಳು ಹೇಳಿದ್ದೆ. ಏಳು ವರ್ಷ ಅಕ್ಕನ ಫೋನ್ ಬಂದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ಚರ್ಚಿನಲ್ಲಿ ಹಿಂದಿನ ಬೆಂಚೇ ಬೇಕಿತ್ತು ನನಗೆ. ದೇವರೂ ಲೆಕ್ಕ ಕೇಳಲು ಕಾಯುತ್ತಿದ್ದಾನೆ ಅನ್ನಿಸುತ್ತಿತ್ತು.

ಈಸ್ಟರ್‌ಗೆ ಮುಂಚಿನ ಈ ತಪಸ್ಸುಕಾಲದಲ್ಲಿ, ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಮಂಡಿಯೂರಿದೆ. ಮಾತೇ ಹೊರಡಲಿಲ್ಲ, ಅಳುವೇ ಬಂತು. ಗುರುಗಳು ಕಾದರು. ಎಲ್ಲ ಹೇಳಿದೆ. ಬೈಬಲಿನಲ್ಲಿ ಸಂತ ಪೌಲರು ರೋಮಿನವರಿಗೆ ಬರೆದದ್ದು ಅವತ್ತು ಅರ್ಥವಾಯಿತು. ನಮಗೆ ಸಿಕ್ಕಿದ್ದು ಮತ್ತೆ ಹೆದರಿ ಬದುಕುವ ಗುಲಾಮರ ಮನಸ್ಸಲ್ಲ, ದೇವರನ್ನು ಅಪ್ಪಾ ಎಂದು ಕರೆಯುವ ಮಕ್ಕಳ ಸಲಿಗೆ. ಅಪ್ಪಾ ಅನ್ನುವ ಆ ಮಾತೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು ಇಷ್ಟು ವರ್ಷ.

ಕ್ಷಮೆ ಸಿಕ್ಕಿತು ಅಂತ ಸಾಲ ತೀರಲ್ಲ, ಅಲ್ವಾ? ಮರುದಿನವೇ ಸಿರ್ಸಿ ಬಸ್ ಹತ್ತಿದೆ. ಅಕ್ಕ ಜೋರಾಗಿ ಬೈದಳು. ಆಮೇಲೆ ಊಟ ಬಡಿಸಿದಳು. ತಿಂಗಳಿಗಿಷ್ಟು ಅಂತ ದುಡ್ಡು ವಾಪಸ್ ಕೊಡುತ್ತಿದ್ದೇನೆ.

ಈಗಷ್ಟೇ ಅವಳ ಫೋನ್ ಬಂತು. ಮಳೆಯ ಸದ್ದಿನಲ್ಲೇ ಎತ್ತಿದೆ.