ಅದು ಲೆಕ್ಕ ಅಲ್ಲ, ಕಾಫಿ

ಈ ವಾರ ಕೊಡಗಿನ ಸಿದ್ದಾಪುರದ ಅಕ್ಕನ ಮನೆಗೆ ಹೋಗಿದ್ದೆ. ಏಳನೇ ಕ್ಲಾಸಿನ ಅವಳ ಮಗಳು ಊಟದ ಮೇಜಿನ ತುಂಬ ಡ್ರಾಯಿಂಗ್ ಶೀಟ್ ಹರಡಿಕೊಂಡಿದ್ದಳು. ಡಿಸೆಂಬರ್ 22 ರಾಮಾನುಜನ್ ಹುಟ್ಟಿದ ದಿನ ಅಲ್ವಾ, ಶಾಲೆಯಲ್ಲಿ ಗಣಿತ ದಿನಕ್ಕೆ ಒಬ್ಬ ಗಣಿತಜ್ಞರ ಚಿತ್ರ ಬಿಡಿಸಿ ತನ್ನಿ ಅಂದಿದ್ದರಂತೆ.

ಇವಳು ಬರೆದಿದ್ದು ಕೆದರಿದ ಬಿಳಿ ಕೂದಲಿನ ಮುದುಕನನ್ನು. ದಪ್ಪ ಕನ್ನಡಕ, ಕೈಯಲ್ಲಿ ಬೆತ್ತ, ಹಿಂದೆ ಬೋರ್ಡು.

"ಹೆಂಗಸು ಯಾಕಾಗಬಾರದು?" ಅಂದೆ.

"ಅವರಿಗೆಲ್ಲಿ ಪುರುಸೊತ್ತು ಚಿಕ್ಕಮ್ಮ?"

ಅಕ್ಕ ಅಡುಗೆಮನೆಯಿಂದಲೇ ನಕ್ಕಳು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ವ್ಯಾಪಾರಿ ಬಂದ. ಭಾವ ಹೋದ ವರ್ಷದ ಹತ್ತು ಮೂಟೆ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಉಳಿಸಿಕೊಂಡಿದ್ದರು. ವ್ಯಾಪಾರಿ ನೂರು ಗ್ರಾಂ ಸುಲಿದು ತೂಗಿದ. 52 ಗ್ರಾಂ ಬೀಜ. ಅಂದರೆ 50 ಕೆ.ಜಿ. ಮೂಟೆಗೆ 26 ಕೆ.ಜಿ. "26 ಓಟಿ ಸಾರ್" ಅಂದ. ಓಟಿ ಅಂದರೆ ಔಟ್‌ಟರ್ನ್, ಒಂದು ಮೂಟೆಗೆ ಸಿಗುವ ಬೀಜದ ತೂಕ. ದರ ನಿಲ್ಲೋದೇ ಇದರ ಮೇಲೆ. ಭಾವ ತಲೆಯಾಡಿಸಿದರು. ಒಳ್ಳೆಯವರು, ಆದರೆ ವ್ಯಾಪಾರಿ ಎದುರು ಬಾಯಿ ಬಿಡುವವರಲ್ಲ.

ಇವಳು ಕ್ರೇಯಾನ್ ಹಿಡಿದುಕೊಂಡೇ ಕಣಕ್ಕೆ ಬಂದಳು. "ಅಂಕಲ್, ಇದೇ ಕಾಫಿ ಮಾರ್ಚ್‌ನಲ್ಲಿ 28 ಓಟಿ ಬಂದಿತ್ತು. ಹತ್ತು ಮೂಟೆಗೆ ಇಪ್ಪತ್ತು ಕೆ.ಜಿ. ಬೀಜ ಎಲ್ಲಿ ಹೋಯ್ತು?"

ಆತ ಬೇರೆ ಮೂಟೆಯಿಂದ ತೆಗೆದು ಮತ್ತೆ ಸುಲಿದ. 27 ಬಂತು. ಮುಖ ಮಾತ್ರ ನೋಡಬೇಕಿತ್ತು.

"ಎಷ್ಟು ಬೇಗ ಲೆಕ್ಕ ಹಾಕಿದೆ ಕಣೇ!" ಅಂದೆ.

"ಅದು ಲೆಕ್ಕ ಅಲ್ಲ ಚಿಕ್ಕಮ್ಮ, ಕಾಫಿ."

ಮಡಿಕೇರಿ ಬಸ್ಸಿನಲ್ಲಿ ಕೂತಾಗಲೂ ಅದೇ ಮಾತು. ಲೆಕ್ಕ ಅಲ್ಲ, ಕಾಫಿ. ಆ ಮನೆಯಲ್ಲಿ ಎಲ್ಲರೂ ಹಾಗೇ. ಭಾವ ಮಳೆಯನ್ನು ಇಂಚು, ಸೆಂಟ್ ಸಮೇತ ಡೈರಿಯಲ್ಲಿ ಬರೆದಿಡುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಎಷ್ಟು ಅಂತ ಬಾಯಲ್ಲೇ ಹೇಳುತ್ತಾರೆ. ಮಗಳ ಪುಸ್ತಕ ಕಂಡರೆ ಮಾತ್ರ "ನಮ್ಮ ವಂಶದಲ್ಲೇ ಯಾರಿಗೂ ಗಣಿತ ಹತ್ತಲ್ಲ" ಅನ್ನುತ್ತಾರೆ. ಮಗು ಎದುರೇ! ಬೆತ್ತದ ಮುದುಕ ಎಲ್ಲಿಂದ ಬಂದ ಅಂತ ಬೇರೆ ಹೇಳಬೇಕಾ?

ಈ ಮುದುಕ ಕೊಡಗಿನವನೇ ಅಲ್ಲ ಅನ್ನಿ. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಪಿಕರ್ ಮತ್ತು ಬೆರಿ ಅನ್ನುವ ಇಬ್ಬರು ಸಂಶೋಧಕರು ಐದು ದೇಶಗಳ 12-13 ವರ್ಷದ ಮಕ್ಕಳಿಗೆ ಇದೇ ಚಿತ್ರ ಬಿಡಿಸಲು ಕೊಟ್ಟಿದ್ದರು. ಅಲ್ಲೂ ಕೆದರಿದ ಕೂದಲು, ಅಲ್ಲೂ ಹೆದರಿಸುವ ಮೇಷ್ಟ್ರು. ಆದರೆ 2014ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಪಡೆದ ಮೊದಲ ಹೆಂಗಸು, ಇರಾನಿನ ಮರಿಯಂ ಮಿರ್ಜಾಖಾನಿ, ನೆಲದ ಮೇಲೆ ದೊಡ್ಡ ಹಾಳೆ ಹರಡಿ ಗೀಚುತ್ತಿದ್ದರಂತೆ. ಪುಟ್ಟ ಮಗಳಿಗೆ ಅಮ್ಮ ಪೇಂಟಿಂಗ್ ಮಾಡುತ್ತಿದ್ದಾಳೆ ಅಂತಲೇ ಲೆಕ್ಕ.

ಹೊರಡುವ ಮುಂಚೆ ಚಿತ್ರ ಇನ್ನೊಮ್ಮೆ ನೋಡಿದ್ದೆ. ಬೋರ್ಡಿನ ಮೇಲೆ ಏನೇನೋ ಗೀಟು, ವರ್ಗಮೂಲದ ಗುರುತು, ತಿರುಗುಮುರುಗು ಎಕ್ಸ್.

"ಇದು ಯಾವ ಲೆಕ್ಕ ಪುಟ್ಟಿ?"

"ಸುಮ್ನೆ ಬರೆದೆ. ಯಾರಿಗೂ ಅರ್ಥ ಆಗಬಾರದು, ಅದಕ್ಕೆ."